ಹನುಮಂತನಗರ, ಬಸವನಗುಡಿ ಕಡೆ ಬೇಸಿಗೆ ರಜೆಗೆ ಮಕ್ಕಳಿಗೆ ಪುಕ್ಕಟೆ ಏನೇನಿದೆ?

ಹನುಮಂತನಗರದ ಅಮ್ಮ:

ಎಲ್ಲರಿಗೂ ನಮಸ್ಕಾರ. ಮಗಳಿಗೆ ಒಂಬತ್ತು ವರ್ಷ, ಮಗನಿಗೆ ಐದು. ಪರೀಕ್ಷೆ ಮುಗಿದು ನಾಲ್ಕು ದಿನ ಆಗಿದೆ, ಆಗಲೇ ಮೊಬೈಲ್‌ಗಾಗಿ ಜಗಳ ಶುರುವಾಗಿದೆ. ಪಕ್ಕದ ರಸ್ತೆಯಲ್ಲಿ ಒಂದು ಸಮ್ಮರ್ ಕ್ಯಾಂಪ್ ಇದೆ, ವಿಚಾರಿಸಿದೆ. ಮೂರು ವಾರಕ್ಕೆ ಒಂದು ಮಗುವಿಗೆ 6,500 ರೂಪಾಯಿ, ಬಣ್ಣ-ಕಾಗದದ ದುಡ್ಡು ಬೇರೆ. ಇಬ್ಬರಿಗೂ ಕಟ್ಟಲು ನಮ್ಮ ಕೈಲಿ ಆಗುವುದಿಲ್ಲ. ಜೂನ್‌ಗೆ ಸ್ಕೂಲ್ ಫೀಸು ಎತ್ತಿಡಬೇಕು.

ನಾನು ಮನೆಯಲ್ಲೇ ಬ್ಲೌಸ್ ಹೊಲಿಯುತ್ತೇನೆ. ಈಗ ಮದುವೆ ಸೀಸನ್, ವಾರದ ದಿನ ಸಂಜೆ ಐದರವರೆಗೆ ಮಿಷನ್ ಬಿಟ್ಟು ಏಳುವ ಹಾಗಿಲ್ಲ. ಮಗಳು ಸದಾ ಚಿತ್ರ ಬರೆಯುತ್ತಾ ಕೂರುತ್ತಾಳೆ. ಮಗ ಡಬ್ಬ ಸಿಕ್ಕರೆ ಬಡಿಯುತ್ತಾನೆ. ನಡೆದು ಹೋಗುವಷ್ಟು ದೂರದಲ್ಲಿ ಹಾಡು, ನಾಟಕ, ಚಿತ್ರ ಇಂಥದ್ದು ದುಡ್ಡಿಲ್ಲದೆ ಏನಾದರೂ ಸಿಗುತ್ತದಾ? ಗೊತ್ತಿದ್ದವರು ದಯವಿಟ್ಟು ಹೇಳಿ.

ಎನ್.ಆರ್. ಕಾಲೋನಿ ಅಜ್ಜಿ:

ನೋಡಮ್ಮ, ನೀವಿರುವ ಜಾಗದ ಸುತ್ತಲೇ ಬೇಕಾದಷ್ಟಿದೆ. ನನ್ನ ಇಬ್ಬರು ಮೊಮ್ಮಕ್ಕಳ ಜೊತೆ ಐದು ಬೇಸಿಗೆ ಹೀಗೇ ಓಡಾಡಿದ್ದೇನೆ.

ಮೊದಲು ಹೋಗಬೇಕಾದ್ದು ಬಿ.ಪಿ. ವಾಡಿಯಾ ರಸ್ತೆಯ ಇಂಡಿಯನ್ ಇನ್‌ಸ್ಟಿಟ್ಯೂಟ್ ಆಫ್ ವರ್ಲ್ಡ್ ಕಲ್ಚರ್‌ಗೆ. ಇಲ್ಲಿಯವರೆಲ್ಲ ವರ್ಲ್ಡ್ ಕಲ್ಚರ್ ಅಂತಲೇ ಕರೆಯುತ್ತೇವೆ. ವಾಡಿಯಾ ದಂಪತಿ 1945ರಲ್ಲಿ ಶುರು ಮಾಡಿದ್ದು. ಡಿ.ವಿ.ಜಿ.ಯವರು ನಮ್ಮ ಕಾಲೋನಿಯ ಗೋಖಲೆ ಸಂಸ್ಥೆಯನ್ನು ಕಟ್ಟಿದ್ದೂ ಅದೇ ವರ್ಷ. ಆದರೆ ಅಲ್ಲಿ ದೊಡ್ಡವರ ಉಪನ್ಯಾಸಗಳೇ ಜಾಸ್ತಿ. ಮಕ್ಕಳಿಗೆ ವರ್ಲ್ಡ್ ಕಲ್ಚರ್ ಒಳ್ಳೆಯದು. ಸಂಜೆ ಹೊತ್ತು ಸಂಗೀತ, ನೃತ್ಯ ಇರುತ್ತದೆ, ಯಾರು ಬೇಕಾದರೂ ಹೋಗಿ ಕೂರಬಹುದು. ಮಕ್ಕಳಿಗೆ ಬೇರೆ ಲೈಬ್ರರಿಯೂ ಇದೆ. ಗಾಂಧಿ ಬಜಾರಿಗೆ ದಾರ, ಗುಂಡಿ ತರಲು ಹೋದಾಗ ಹಾಗೇ ಹೋಗಿ ಆ ವಾರ ಏನಿದೆ ಅಂತ ಕೇಳಿಕೊಂಡು ಬನ್ನಿ.

ನಿಮ್ಮ ಮಗ ಡಬ್ಬ ಬಡಿಯುತ್ತಾನೆ ಅಂದಿರಲ್ಲ, ಅವನಿಗಾಗಿ ಒಂದು ಮಾತು. ಸಂಗೀತ ಕಚೇರಿ ಇದ್ದ ದಿನ ಅರ್ಧ ಗಂಟೆ ಮುಂಚೆಯೇ ಹೋಗಿ ಎಡಗಡೆ ಮುಂದಿನ ಸಾಲಿನಲ್ಲಿ ಕೂರಿ. ಮೃದಂಗದವರು ಸಾಮಾನ್ಯವಾಗಿ ಆ ಕಡೆ ಕೂರುತ್ತಾರೆ. ಅವರು ರವೆಯನ್ನು ನೀರಲ್ಲಿ ನಾದಿ, ಮೃದಂಗದ ಎಡಮುಖದ ನಡುವೆ ಬಿಲ್ಲೆಯ ಹಾಗೆ ಮೆತ್ತುತ್ತಾರೆ. ಒಂದು ಸಲ ತಟ್ಟಿ ಕೇಳುತ್ತಾರೆ, ಚೂರು ಕಿತ್ತು ತೆಗೆಯುತ್ತಾರೆ, ಮತ್ತೆ ತಟ್ಟುತ್ತಾರೆ. ಗುಂ ಅನ್ನುವ ಆ ದಪ್ಪ ನಾದ ಬರುವುದು ರವೆಯ ಭಾರದಿಂದ. ಬಲಮುಖಕ್ಕೆ ಕಲ್ಲಿನಿಂದ ಅಂಚು ಬಡಿದು ಶ್ರುತಿ ಮಾಡುತ್ತಾರೆ. ಕಚೇರಿ ಶುರುವಾದ ಮೇಲೆ ರವೆ ಮೆತ್ತಿದ ಮುಖ ಆ ಕಡೆ ತಿರುಗಿರುತ್ತದೆ, ನಮಗೆ ಕಾಣುವುದಿಲ್ಲ. ಅದಕ್ಕೇ ಮುಂಚೆ ಹೋಗಿ ಅಂದಿದ್ದು. ನನ್ನ ಚಿಕ್ಕ ಮೊಮ್ಮಗ ಎರಡು ಗಂಟೆಯ ಹಾಡಿಗಿಂತ ಆ ಹತ್ತು ನಿಮಿಷವನ್ನೇ ಕಣ್ಣು ಮಿಟುಕಿಸದೆ ನೋಡಿದ.

ಇನ್ನೊಂದು ವಿಷಯ. ಮಕ್ಕಳನ್ನು ಕೊನೆವರೆಗೆ ಕೂರಿಸಬೇಡಿ. ಮೊದಲ ವರ್ಷ ನಾನು ಆ ತಪ್ಪು ಮಾಡಿದೆ. ಮಂಗಳ ಹಾಡುವವರೆಗೂ ಕೂರಲೇಬೇಕು ಅಂತ ಹಿಡಿದುಕೊಂಡೆ. ಮಗು ಅತ್ತು ಅತ್ತು ನಿದ್ದೆ ಹೋಯಿತು, ಆಮೇಲೆ ಒಂದು ತಿಂಗಳು ಕಚೇರಿ ಅಂದರೆ ಸಾಕು, ಮನೆ ಬಿಟ್ಟು ಬರುತ್ತಿರಲಿಲ್ಲ. ಅರ್ಧ ಗಂಟೆ ಸಾಕು. ಎರಡು ಹಾಡಿನ ಮಧ್ಯೆ ಎದ್ದು ಬಂದರೆ ಯಾರಿಗೂ ತೊಂದರೆ ಇಲ್ಲ.

ಮಗಳಿಗೆ ಬ್ಯೂಗಲ್ ರಾಕ್. ನಿಮ್ಮಲ್ಲಿಂದ ಹತ್ತಿರವೇ, ಅಲ್ವಾ? ಸುಮಾರು 300 ಕೋಟಿ ವರ್ಷ ಹಳೆಯ ಬಂಡೆ. ಪಾರ್ಕಿನಲ್ಲಿ ಡಿ.ವಿ.ಜಿ. ಪ್ರತಿಮೆ ಇದೆ. ಮರದ ತುಂಬ ಬಾವಲಿಗಳು ನೇತಾಡುತ್ತವೆ. ಒಂದು ರಟ್ಟು, ಕ್ಲಿಪ್ಪು, ಹಾಳೆ, ಪೆನ್ಸಿಲ್ ಕೊಟ್ಟು ಕೂರಿಸಿ. ನನ್ನ ಮೊಮ್ಮಗಳು ತಲೆಕೆಳಗಾದ ಬಾವಲಿ ಬರೆಯಲು ಆಗದೆ ಹಾಳೆಯನ್ನೇ ತಿರುಗಿಸಿಟ್ಟುಕೊಂಡು ಬರೆದಳು. ರೆಕ್ಕೆ ಶಾಲು ಹೊದ್ದ ಹಾಗೆ ಬಂದಿತ್ತು, ಇನ್ನೂ ಬೀರುವಿನ ಬಾಗಿಲ ಮೇಲಿದೆ. ಹೊತ್ತು ಮುಳುಗಿದ ಮೇಲೆ ಅವು ಒಂದೊಂದಾಗಿ ಹಾರುವುದನ್ನೂ ನೋಡಿಸಿಯೇ ಮನೆಗೆ ಕರೆದುಕೊಂಡು ಹೋಗಿ.

ರಾಮನವಮಿ ಕಚೇರಿಗಳು ಕೆಲವು ಕಡೆ ಇನ್ನೂ ನಡೆಯುತ್ತಿರುತ್ತವೆ. ಚಾಮರಾಜಪೇಟೆಯ ಫೋರ್ಟ್ ಹೈಸ್ಕೂಲ್ ಮೈದಾನದಲ್ಲಿ 1939ರಿಂದ ನಡೆಯುತ್ತಿರುವ ದೊಡ್ಡ ಉತ್ಸವಕ್ಕೆ ಟಿಕೆಟ್ ಇರುತ್ತದೆ. ಬೀದಿಯ ದೇವಸ್ಥಾನಗಳಲ್ಲಿ ಟಿಕೆಟ್ ಏನೂ ಇಲ್ಲ, ಸುಮ್ನೆ ಹೋಗಿ ಕೂತು ಕೇಳಿ ಬನ್ನಿ.

ಗವಿಪುರದ ಅಪ್ಪ:

ಅಜ್ಜಿ ಎಲ್ಲಾ ಹೇಳಿದ್ದಾರೆ, ಎರಡೇ ಸೇರಿಸುತ್ತೇನೆ. ನಿಮ್ಮ ರಾಮಾಂಜನೇಯ ಗುಡ್ಡದ ಹತ್ತಿರವೇ ಕೆ.ಎಚ್. ಕಲಾಸೌಧ ಇದೆಯಲ್ಲ. ದಿನದ ನಾಟಕಗಳಿಗೆ ಟಿಕೆಟ್ ಇರುತ್ತದೆ. ಆದರೆ ರಂಗಶಿಬಿರಗಳ ಮಕ್ಕಳು ಕೊನೆಯ ದಿನ ನಾಟಕ ಆಡುತ್ತಾರೆ ನೋಡಿ, ಅವಕ್ಕೆ ಎಷ್ಟೋ ಸಲ ಎಲ್ಲರನ್ನೂ ಬಿಡುತ್ತಾರೆ. ಏಪ್ರಿಲ್ ಕೊನೆಯಿಂದ ಹೋಗಿ ಹೋಗಿ ಕೇಳುತ್ತಿರಿ. ತಮ್ಮ ವಯಸ್ಸಿನ ಮಕ್ಕಳು ಬಣ್ಣ ಹಚ್ಚಿಕೊಂಡು ನಿಂತರೆ ನಮ್ಮ ಮಕ್ಕಳು ನೋಡುವ ರೀತಿಯೇ ಬೇರೆ.

ಭಾನುವಾರ ನಿಮಗೆ ಬಿಡುವಿದ್ದರೆ ಕಬ್ಬನ್ ಪಾರ್ಕ್. ಪ್ರವೇಶ ಉಚಿತ, ಆ ದಿನ ಒಳಗೆ ಗಾಡಿ ಓಡಾಟ ಇಲ್ಲ, ಮಕ್ಕಳನ್ನು ಧೈರ್ಯವಾಗಿ ಬಿಡಬಹುದು. ಸಾಮಾನ್ಯ ಬಿಎಂಟಿಸಿ ಬಸ್ಸಿನಲ್ಲಿ ಶಕ್ತಿ ಯೋಜನೆಯಿಂದ ನಿಮಗೂ ಮಗಳಿಗೂ ಟಿಕೆಟ್‌ಗೆ ದುಡ್ಡಿಲ್ಲ. ನಿಮ್ಮ ಆಧಾರ್ ಮರೆಯಬೇಡಿ.

ಹನುಮಂತನಗರದ ಅಮ್ಮ:

ಹತ್ತು ದಿನ ಆಯಿತು, ಬಂದು ಹೇಳಲೇಬೇಕು ಅನ್ನಿಸಿತು. ಶನಿವಾರ ವರ್ಲ್ಡ್ ಕಲ್ಚರ್‌ಗೆ ಹೋಗಿದ್ದೆವು. ಅಜ್ಜಿ, ನೀವು ಹೇಳಿದ ಹಾಗೆ ಎಡಗಡೆ ಕೂತೆವು. ಮೃದಂಗದವರು ರವೆ ನಾದುವಾಗ ನನ್ನ ಮಗ ಎದ್ದು ವೇದಿಕೆಯ ಅಂಚಿಗೇ ಹೋಗಿ ನಿಂತ. ನಾನು ಎಳೆದುಕೊಳ್ಳಲು ಹೋದರೆ ಅವರೇ ಬೇಡ ಅಂತ ಕೈಸನ್ನೆ ಮಾಡಿ, ಒಂದು ಚೂರು ರವೆಯನ್ನು ಅವನ ಬೆರಳಿಗೆ ಅಂಟಿಸಿದರು. ಮೂರು ಹಾಡು ಮುಗಿಯುವ ತನಕ ಆ ಬೆರಳನ್ನು ಎತ್ತಿ ಹಿಡಿದೇ ಕೂತಿದ್ದ. ಈಗ ಹಾಲಿನ ಪುಡಿ ಡಬ್ಬದ ಮುಚ್ಚಳಕ್ಕೆ ಗೋಧಿ ಹಿಟ್ಟು ಮೆತ್ತಿ ನಾದ ಬದಲಾಯಿತಾ ಅಂತ ನನ್ನನ್ನು ಕೇಳುತ್ತಾನೆ. ನಿಜವಾಗಲೂ ಬದಲಾಗುತ್ತದೆ!

ಮಗಳು ಬಾವಲಿ ಬಿಟ್ಟು ಪಾರ್ಕಿನಲ್ಲಿ ಮಲಗಿದ್ದ ನಾಯಿಯನ್ನು ಬರೆದಳು. ಪರವಾಗಿಲ್ಲ ಅಲ್ವಾ? ಈ ಶನಿವಾರವೂ ಹೋಗುತ್ತೇವೆ. ಅಜ್ಜಿ, ನೀವೂ ಬರುತ್ತೀರಾ?

ಎನ್.ಆರ್. ಕಾಲೋನಿ ಅಜ್ಜಿ:

ನಾಯಿ ಅಲುಗಾಡದೆ ಮಲಗಿತ್ತಲ್ಲ, ಒಳ್ಳೆಯದನ್ನೇ ಆರಿಸಿದ್ದಾಳೆ. ಬರುತ್ತೇನಮ್ಮ. ಬಾಗಿಲ ಪಕ್ಕದ ಸಾಲಿನಲ್ಲಿ ಕೂತಿರುತ್ತೇನೆ, ಕೈಯಲ್ಲಿ ಹಸಿರು ಬಟ್ಟೆ ಚೀಲ ಇರುತ್ತದೆ. ಆ ಡಬ್ಬವನ್ನೂ ತರಲು ಹೇಳಿ, ಕಚೇರಿ ಮುಗಿದ ಮೇಲೆ ಹೊರಗೆ ನಿಂತು ಕೇಳುತ್ತೇನೆ.