ಸಿಡ್ನಿ ಲೂಮೆಟ್‌ಗೆ ನಿರ್ದೇಶನಕ್ಕೆ ಒಂದು ಆಸ್ಕರ್ ಕೂಡ ಯಾಕೆ ಬರಲಿಲ್ಲ?

ಕೊನೇಸಾಲು:
ನಿನ್ನೆ ರಾತ್ರಿ ‘12 ಆಂಗ್ರಿ ಮೆನ್’ ನೋಡಿದೆ. ಒಂದು ಕೇಸಿನ ತೀರ್ಪು ಹೇಳಬೇಕಾದ ಹನ್ನೆರಡು ಜನ ಜೂರಿ, ಒಂದು ಮೇಜು, ಒಂದೂವರೆ ಗಂಟೆ ಬರೀ ಮಾತು. ಆದರೂ ಎದ್ದು ನೀರು ಕುಡಿಯೋಕೂ ಮನಸ್ಸಾಗಲಿಲ್ಲ. ಸಿನಿಮಾ ಮುಂದೆ ಹೋದ ಹಾಗೆ ಆ ಕೋಣೆನೇ ಚಿಕ್ಕದಾಗ್ತಾ ಇದೆ ಅನ್ನಿಸಿತು, ಇದು ನನ್ನ ಭ್ರಮೆನಾ ಅಥವಾ ಬೇಕಂತಲೇ ಹಾಗೆ ತೆಗೆದಿದ್ದಾರಾ? ಇನ್ನೊಂದು ವಿಷಯ. ಇದರ ನಿರ್ದೇಶಕ ಸಿಡ್ನಿ ಲೂಮೆಟ್ ಬಗ್ಗೆ ಓದಿದರೆ, ಐವತ್ತು ವರ್ಷದಲ್ಲಿ 40ಕ್ಕೂ ಜಾಸ್ತಿ ಸಿನಿಮಾ, ನಿರ್ದೇಶನಕ್ಕೆ ನಾಲ್ಕು ಸಲ ಆಸ್ಕರ್ ನಾಮಿನೇಷನ್, ಒಂದು ಸಲವೂ ಗೆದ್ದಿಲ್ಲ. ಯಾಕೆ ಹೀಗೆ? ಗೊತ್ತಿರುವವರು ಸ್ವಲ್ಪ ಹೇಳಿ.

ಬೆಳಕುನೆರಳು:
ಭ್ರಮೆ ಅಲ್ಲ, ಲೆನ್ಸಿನ ಆಟ. ಶುರುವಿನಲ್ಲಿ ಕ್ಯಾಮೆರಾ ಕಣ್ಣಿನ ಮಟ್ಟಕ್ಕಿಂತ ಮೇಲಿರುತ್ತದೆ, ಲೆನ್ಸ್ ವೈಡ್, ಅಂದರೆ ಜಾಗ ಅಗಲವಾಗಿ ಕಾಣಿಸುವಂಥದ್ದು. ನಡುವೆ ಕಣ್ಣಿನ ಮಟ್ಟಕ್ಕೆ ಇಳಿಯುತ್ತದೆ. ಕೊನೆಯ ಭಾಗದಲ್ಲಿ ಇನ್ನೂ ಕೆಳಗೆ, ಜೊತೆಗೆ ಉದ್ದದ ಲೆನ್ಸು. ಆಗ ಹಿಂದಿನ ಗೋಡೆ ಬಂದು ಆ ಮನುಷ್ಯನ ಬೆನ್ನಿಗೇ ಅಂಟಿಕೊಂಡ ಹಾಗೆ ಕಾಣುತ್ತದೆ, ಸೀಲಿಂಗ್ ಕೂಡ ತಲೆ ಮೇಲೆ ಕೂತ ಹಾಗಿರುತ್ತದೆ. ಕಡೆಗೆ ಎಲ್ಲರೂ ಕೋರ್ಟಿನಿಂದ ಹೊರಗೆ ಬರುವ ಶಾಟ್ ಇದೆಯಲ್ಲ, ಅಲ್ಲಿ ಮತ್ತೆ ವೈಡ್ ಲೆನ್ಸ್. ನೀವು ಅಲ್ಲೇ ಉಸಿರು ಬಿಟ್ಟಿರಬೇಕು, ಅಲ್ವಾ?

ಇದು ಅವರ ಮೊದಲ ಸಿನಿಮಾ, 1957ರದ್ದು. ಖರ್ಚು ಸುಮಾರು 3.4 ಲಕ್ಷ ಡಾಲರ್. ಶೂಟಿಂಗ್‌ಗೆ ಮೂರು ವಾರವೂ ಹಿಡಿದಿಲ್ಲ, ಆದರೆ ಅದಕ್ಕೂ ಮುಂಚೆ ಎರಡು ವಾರ ಬರೀ ರಿಹರ್ಸಲ್. ಲೈಟ್ ಪದೇ ಪದೇ ಬದಲಾಯಿಸಿದರೆ ಹೊತ್ತು ಹಾಳು ಅಂತ ಒಂದು ಕಡೆಯ ಶಾಟುಗಳನ್ನೆಲ್ಲ ಒಟ್ಟಿಗೆ ಮುಗಿಸುತ್ತಿದ್ದರು. ಅಂದರೆ ಮೇಜಿನ ಈ ಕಡೆ ಒಬ್ಬ ಕೂಗಾಡಿದ್ದು ಒಂದು ದಿನ, ಆ ಕಡೆಯವನು ಉತ್ತರ ಕೊಟ್ಟಿದ್ದು ಎಷ್ಟೋ ದಿನ ಆದಮೇಲೆ! ರಿಹರ್ಸಲ್ ಗಟ್ಟಿ ಇದ್ದಿದ್ದಕ್ಕೆ ಜೋಡಣೆ ಗೊತ್ತೇ ಆಗುವುದಿಲ್ಲ.

ಹಳೇರೀಲು:
ಆ ರಿಹರ್ಸಲ್ ಹುಚ್ಚು ನಾಟಕದಿಂದ ಬಂದಿದ್ದು. ಲೂಮೆಟ್ 1924ರಲ್ಲಿ ಫಿಲಡೆಲ್ಫಿಯಾದಲ್ಲಿ ಹುಟ್ಟಿದರು. ಅಪ್ಪ ಅಮ್ಮ ಇಬ್ಬರೂ ಯಿಡ್ಡಿಷ್ (ಯುರೋಪಿನ ಯಹೂದಿಗಳ ಭಾಷೆ) ರಂಗಭೂಮಿಯವರು, ಇವರೂ ಚಿಕ್ಕ ಹುಡುಗನಾಗಿದ್ದಾಗಲೇ ನ್ಯೂಯಾರ್ಕಿನ ಬ್ರಾಡ್‌ವೇ ನಾಟಕರಂಗ ಹತ್ತಿದವರು. ಎರಡನೇ ಮಹಾಯುದ್ಧದಲ್ಲಿ ಸೇನೆಯ ರೇಡಾರ್ ಕೆಲಸ, ಅದೂ ಭಾರತ ಮತ್ತು ಬರ್ಮಾದಲ್ಲಿ. ವಾಪಸ್ ಹೋದಮೇಲೆ ಸಿಬಿಎಸ್ ಟೀವಿ ಸೇರಿದರು. ಆಗ ಟೀವಿ ನಾಟಕ ಅಂದರೆ ನೇರ ಪ್ರಸಾರ, ತಪ್ಪಾದರೆ ಇಡೀ ಅಮೆರಿಕಾ ನೋಡುತ್ತದೆ.

ಇನ್ನು ಆಸ್ಕರ್ ವಿಷಯ. ಸುಮ್ನೆ ಎದುರಿಗಿದ್ದು ಗೆದ್ದವರನ್ನ ನೋಡಿ. ಮೊದಲ ಸಲ ಡೇವಿಡ್ ಲೀನ್. ‘ಡಾಗ್ ಡೇ ಆಫ್ಟರ್‌ನೂನ್’ಗೆ ನಾಮಿನೇಷನ್ ಬಂದಾಗ ಮಿಲೋಸ್ ಫೋರ್ಮನ್. ‘ನೆಟ್‌ವರ್ಕ್’ ವರ್ಷ ‘ರಾಕಿ’ಯ ನಿರ್ದೇಶಕ. ‘ದಿ ವರ್ಡಿಕ್ಟ್’ ಹೊತ್ತಿಗೆ ‘ಗಾಂಧಿ’ ತೆಗೆದ ಆಟನ್‌ಬರೋ! ‘ನೆಟ್‌ವರ್ಕ್’ ಒಂದಕ್ಕೇ ನಟನೆಯಲ್ಲಿ ಮೂರು, ಚಿತ್ರಕಥೆಗೆ ಒಂದು ಆಸ್ಕರ್ ಬಂತು. ಅದರಲ್ಲಿ ನಟನೆಗೆ ಗೆದ್ದ ಬಿಯಾಟ್ರಿಸ್ ಸ್ಟ್ರೈಟ್ ತೆರೆ ಮೇಲಿದ್ದಿದ್ದು ಐದು ನಿಮಿಷದಷ್ಟೇ. ಐದು ನಿಮಿಷದ ಪಾತ್ರಕ್ಕೂ ಪ್ರಶಸ್ತಿ ಬರುವ ಹಾಗೆ ಮಾಡಿಸಿದವರಿಗೆ ಮಾತ್ರ ಕೈ ಖಾಲಿ. ಇವರ ಕೆಲಸ ಕಣ್ಣಿಗೆ ಹೊಡೆಯುವಂಥದ್ದಲ್ಲ, ಅದೇ ಕಾರಣ ಅಂತ ನನಗನ್ನಿಸುತ್ತದೆ. ಕೊನೆಗೆ 2005ರಲ್ಲಿ ಗೌರವ ಆಸ್ಕರ್ ಕೊಟ್ಟರು.

ಕತ್ತರಿಪ್ರಯೋಗ:
ಇಷ್ಟೊಂದು ಹೊಗಳಬೇಡಿ ಗುರುಗಳೇ. ಕೈಗೆ ಸಿಕ್ಕ ಕಥೆಯನ್ನೆಲ್ಲ ಮಾಡಿದರು, ಅದರಲ್ಲಿ ಜೊಳ್ಳೂ ಬೇಕಾದಷ್ಟಿದೆ. 1978ರ ‘ದಿ ವಿಜ್’ ನೋಡಿ, ‘ವಿಜರ್ಡ್ ಆಫ್ ಆಜ್’ ಮಕ್ಕಳ ಕಥೆಯದ್ದು. ಅದರ ಪುಟ್ಟ ಹುಡುಗಿ ಡಾರೊಥಿಯನ್ನ ಟೀಚರ್ ಮಾಡಿ, ಮೂವತ್ತು ದಾಟಿದ ಗಾಯಕಿ ಡಯಾನಾ ರಾಸ್ ಕೈಲಿ ಮಾಡಿಸಿದರು. ಬೆದರುಬೊಂಬೆಯಾಗಿ ಮೈಕಲ್ ಜಾಕ್ಸನ್ ಇದ್ದೂ ಸಿನಿಮಾ ಮಲಗಿತು. ನನಗಂತೂ ಅರ್ಧಕ್ಕೇ ಸಾಕಾಯಿತು.

ಹಳೇರೀಲು:
‘ದಿ ವಿಜ್’ ವಿಷಯದಲ್ಲಿ ಜಗಳ ಇಲ್ಲ, ಒಪ್ಪಿದೆ :) ಆದರೆ ನಿಲ್ಲದೆ ಕೆಲಸ ಮಾಡುತ್ತಿದ್ದಿದ್ದಕ್ಕೇ ತಾನೇ 2007ರಲ್ಲಿ, 83ನೇ ವಯಸ್ಸಿನಲ್ಲಿ, ‘ಬಿಫೋರ್ ದಿ ಡೆವಿಲ್ ನೋಸ್ ಯು ಆರ್ ಡೆಡ್’ ಬಂದಿದ್ದು? ಅದೂ ಫಿಲ್ಮ್ ಬಿಟ್ಟು ಡಿಜಿಟಲ್ ಕ್ಯಾಮೆರಾದಲ್ಲಿ. ಅದೇ ಕೊನೆಯ ಸಿನಿಮಾ, 2011ರಲ್ಲಿ ತೀರಿಕೊಂಡರು.

ಕೊನೇಸಾಲು:
ಎಲ್ಲರಿಗೂ ಥ್ಯಾಂಕ್ಸ್. ಹಾಗಾದರೆ ಮುಂದೆ ಯಾವುದು ನೋಡಲಿ?

ಬೆಳಕುನೆರಳು:
‘ಡಾಗ್ ಡೇ ಆಫ್ಟರ್‌ನೂನ್’. ಬ್ಯಾಂಕ್ ದರೋಡೆ ಕೆಟ್ಟು ಒಳಗೇ ಸಿಕ್ಕಿಹಾಕಿಕೊಂಡವರ ಕಥೆ, ಅಲ್ ಪಚಿನೋ. ಶುರುವಿನ ಹಾಡು ಬಿಟ್ಟರೆ ಹಿನ್ನೆಲೆ ಸಂಗೀತವೇ ಇಲ್ಲ. ನ್ಯೂಯಾರ್ಕಿನ ಬ್ರೂಕ್ಲಿನ್ನಿನ ಸುಡು ಬೇಸಿಗೆ ಅಂತ ನಂಬಿಸುತ್ತಾರೆ, ನಿಜವಾಗಿ ತೆಗೆದಿದ್ದು ಚಳಿ ಶುರುವಾದಾಗ. ಮಾತಾಡುವಾಗ ಬಾಯಿಂದ ಹೊಗೆ ಕಾಣಬಾರದು ಅಂತ ನಟರು ಬಾಯಲ್ಲಿ ಐಸ್ ಇಟ್ಟುಕೊಳ್ಳುತ್ತಿದ್ದರಂತೆ. ರಸ್ತೆಯ ದೃಶ್ಯ ಬಂದಾಗ ಪಚಿನೋ ಬಾಯನ್ನೇ ನೋಡುತ್ತಿರಿ.