ಏಜ್ ಆಫ್ ಎಂಪೈರ್ಸ್ 2: ದ್ರಾವಿಡಿಯನ್ಸ್‌ಗೆ ನೈಟ್ ಇಲ್ಲ, ಕ್ಯಾಸಲ್ ಏಜ್‌ನಲ್ಲಿ ಎಂತ ಮಾಡುವುದು?

ಬದಿಯಡ್ಕ_ಸವಾರ:
ಈ ಕಂಪ್ಯೂಟರ್ ಯುದ್ಧದಾಟಕ್ಕೆ 2022ರಲ್ಲಿ ಬಂದ ಡೈನಾಸ್ಟೀಸ್ ಆಫ್ ಇಂಡಿಯಾ ವಿಸ್ತರಣೆಯಲ್ಲಿ ಹಳೆಯ ಇಂಡಿಯನ್ಸ್ ಜನಾಂಗ ಹಿಂದೂಸ್ತಾನೀಸ್ ಆಗಿ, ಬೆಂಗಾಲೀಸ್, ಗುರ್ಜರಾಸ್, ದ್ರಾವಿಡಿಯನ್ಸ್ ಹೊಸದಾಗಿ ಬಂದಿದ್ದಾರಲ್ಲ. ದ್ರಾವಿಡಿಯನ್ಸ್ ತೆಗೊಂಡರೆ ಸ್ಟೇಬಲ್‌ನಲ್ಲಿ (ಕುದುರೆ ಲಾಯ) ನೈಟ್ (ಕವಚದ ಕುದುರೆ ಸವಾರ) ಇಲ್ಲ. ಎದುರಿನವರ ನೈಟ್ ನುಗ್ಗಿ ಹೊಲದ ವಿಲೇಜರ್‌ಗಳನ್ನು ಕೊಂದು ಹೋಗ್ತದೆ. ಮರವೂ ಸದಾ ಕಮ್ಮಿ. ಎಲ್ಲಿ ತಪ್ಪುತ್ತಾ ಉಂಟು?

ಕುಂಬ್ಳೆಕೋಟೆ:
ಮರದಿಂದಲೇ ಶುರು ಮಾಡಿ. ಪ್ರತಿ ಏಜ್ (ಆಟದ ಹಂತ: ಫ್ಯೂಡಲ್, ಆಮೇಲೆ ಕ್ಯಾಸಲ್, ಕೊನೆಗೆ ಇಂಪೀರಿಯಲ್) ಏರಿದಾಗ ಇವರಿಗೆ 200 ಮರ ಪುಕ್ಕಟೆ ಸಿಗ್ತದೆ, ಈ ಜನಾಂಗದ ಜೀವಾಳವೇ ಅದು. ಫ್ಯೂಡಲ್ ಏರಲು 130 ಸೆಕೆಂಡ್ ಬೇಕು. ಅಷ್ಟರೊಳಗೆ ಬ್ಯಾರಕ್ಸ್ (ಕಾಲಾಳುಗಳ ಕಟ್ಟಡ, 175 ಮರ) ಎದ್ದಿರಬೇಕು, ಇಲ್ಲದಿದ್ದರೆ ಆರ್ಚರಿ ರೇಂಜ್ (ಬಿಲ್ಲಿನವರ ಕಟ್ಟಡ) ಕಟ್ಟಲಿಕ್ಕೇ ಬರುವುದಿಲ್ಲ. ಏರಲು ಹತ್ತು ಸೆಕೆಂಡ್ ಇರುವಾಗ ಇಬ್ಬರು ವಿಲೇಜರ್‌ಗಳನ್ನು ಜಾಗಕ್ಕೆ ಕಳಿಸಿ ನಿಲ್ಲಿಸಿ. 200 ಬಂದ ಕೂಡಲೇ ರೇಂಜ್‌ಗೆ 175, ಉಳಿದ 25ಕ್ಕೆ ಒಂದು ಮನೆ. ಲೆಕ್ಕ ಸರಿಯಾಗಿ ಕೂರ್ತದೆ.

ರೇಂಜ್‌ನಿಂದ ಸ್ಕರ್ಮಿಷರ್ (ಈಟಿ ಎಸೆಯುವವ; 25 ಆಹಾರ, 35 ಮರ) ತೆಗೆಯಿರಿ. ಇವರದ್ದು ಉಳಿದವರಿಗಿಂತ 25% ಬೇಗ ಎಸೆಯುತ್ತದೆ. ಆದರೆ ನೈಟ್ ಮೈಮೇಲೆ ಬಂದರೆ ಅದು ನಿಲ್ಲುವುದಿಲ್ಲ, ಮುಂದೆ ಸ್ಪಿಯರ್‌ಮ್ಯಾನ್ (35 ಆಹಾರ, 25 ಮರ) ಬೇಕೇ ಬೇಕು. ಬ್ಯಾರಕ್ಸ್‌ನ ಸಂಶೋಧನೆಗಳಿಗೆ ಇವರಿಗೆ ಅರ್ಧ ಬೆಲೆ, ಹಾಗಾಗಿ ಕ್ಯಾಸಲ್ ಏಜ್ ಮುಟ್ಟಿದ ಕೂಡಲೇ ಸ್ಪಿಯರ್‌ಮ್ಯಾನ್‌ನ ಮುಂದಿನ ಹಂತವಾದ ಪೈಕ್‌ಮ್ಯಾನ್ ಮಾಡಿ. ನೀವು ತಡ ಮಾಡುವುದು ಇಲ್ಲಿಯೇ ಅಂತ ಕಾಣ್ತದೆ. ಪೈಕ್ ಹೊಲದ ಹತ್ತಿರವೇ ಇರಲಿ, ಕುದುರೆಯ ಹಿಂದೆ ಓಡಿಸಿದರೆ ಸಿಗುವುದಿಲ್ಲ.

ಕ್ಯಾಸಲ್ ಏಜ್‌ನ 200ಕ್ಕೆ ಸೀಜ್ ವರ್ಕ್‌ಶಾಪ್ (ಮುತ್ತಿಗೆ ಯಂತ್ರಗಳ ಕಟ್ಟಡ) ಹಾಕಿ, ಬೆಲೆ ಸರಿಯಾಗಿ 200.

ಮಂಜೇಶ್ವರ_ಮಿಲ್:
ಕೊನೆಯದ್ದನ್ನು ನಾನು ಒಪ್ಪುವುದಿಲ್ಲ ಅಣ್ಣ. ಮೊದಲು ಎರಡನೇ ಟೌನ್ ಸೆಂಟರ್ (ಊರಿನ ಮುಖ್ಯ ಕಟ್ಟಡ). 275 ಮರ, 100 ಕಲ್ಲು. ಕಲ್ಲು ಆರಂಭದ 200ರಲ್ಲೇ ಉಂಟು, ಮರ ಬರೇ 75 ಕೂಡಿಸಿದರೆ ಆಯ್ತು. ನೈಟ್ ಬಂದಾಗ ವಿಲೇಜರ್‌ಗಳಿಗೆ ಒಳಗೆ ಹೋಗಲು ಜಾಗವೂ ಆಗ್ತದೆ.

ಮರ ಕಮ್ಮಿಯಾಗುವುದಕ್ಕೆ ಇನ್ನೊಂದು ಕಾರಣ ನೋಡಿ. ಮಿಲ್‌ನಲ್ಲಿ ಆಟೋ ರೀಸೀಡ್ (ಹೊಲವನ್ನು ತಾನಾಗಿ ಮತ್ತೆ ಬಿತ್ತುವುದು) ಆನ್ ಉಂಟಾ? ಹೊಲ ಮುಗಿದಾಗೆಲ್ಲ ಅದು ಕೇಳದೆ 60 ಮರ ತೆಗೆಯುತ್ತದೆ. ಎಂಟು ಹೊಲ ಒಟ್ಟೊಟ್ಟಿಗೆ ಮುಗಿದರೆ 480 ಹೋಯ್ತು. ಒಂದು ಹೊಲದಲ್ಲಿ 175 ಆಹಾರ, ಹಾರ್ಸ್ ಕಾಲರ್ (75 ಆಹಾರ, 75 ಮರ) ಮಾಡಿದರೆ 250. ಅದನ್ನು ಮೊದಲು ಮಾಡಿ. ಟೌನ್ ಸೆಂಟರ್ ಏಳುವವರೆಗೆ ರೀಸೀಡ್ ಆಫ್ ಇಟ್ಟು, ಆಮೇಲೆ ಆನ್ ಮಾಡಿ.

ಆಟೋ ಸ್ಕೌಟ್ (ಸುತ್ತ ನೋಡುವ ಸವಾರ ತಾನಾಗಿ ತಿರುಗುವುದು) ಆನ್ ಮಾಡಿದರೆ ನಕ್ಷೆ ತೆರೆಯುತ್ತದೆ, ಆದರೆ ಜಿಂಕೆಯನ್ನು ಟೌನ್ ಸೆಂಟರ್‌ಗೆ ಅಟ್ಟಿಕೊಂಡು ಬರುವುದಿಲ್ಲ. ಅದನ್ನು ಕೈಯಲ್ಲೇ ಮಾಡಬೇಕು.

ಬದಿಯಡ್ಕ_ಸವಾರ:
ರೀಸೀಡ್ ಶುರುವಿನಿಂದಲೇ ಆನ್ ಇತ್ತು! ದ್ರಾವಿಡಿಯನ್ಸ್‌ನ ವಿಶೇಷ ಸೈನಿಕರಾದ ಉರುಮಿಯವರನ್ನು ಯಾವಾಗ ತೆಗೆಯುವುದು?

ಚಂದ್ರಗಿರಿ_ತೀರ:
ಕೋಟೆ (650 ಕಲ್ಲು) ಆದ ಮೇಲೆ. ನಮ್ಮ ಕಡೆ ಕಳರಿಯಲ್ಲಿ (ಕಳರಿಪಯಟ್ಟು) ಬೀಸುವ ಬಳುಕುವ ಕತ್ತಿ, ಅದೇ ಉರುಮಿ. ಇವರ ಚಾರ್ಜ್ (ಕಾದು ತುಂಬುವ ವಿಶೇಷ ಏಟಿನ ಶಕ್ತಿ) ತುಂಬಿದಾಗಿನ ಮೊದಲ ಏಟು ಪಕ್ಕದಲ್ಲಿ ನಿಂತವರಿಗೂ ತಾಗುತ್ತದೆ. ಹಾಗಾಗಿ ಗುಂಪಾಗಿ ನಿಂತ ಕಾಲಾಳುಗಳ ಮೇಲೆ ಬಿಡಿ, ಹೊಡೆದು ಹಿಂದೆ ಎಳೆದುಕೊಳ್ಳಿ, ತುಂಬಿದ ಮೇಲೆ ಮತ್ತೆ. ಬಾಣಕ್ಕೆ ಬೇಗ ಬೀಳುತ್ತಾರೆ, ಬಿಲ್ಲಿನವರ ಎದುರು ಸ್ಕರ್ಮಿಷರ್ ಜೊತೆಗಿರಲಿ. ಇಂಪೀರಿಯಲ್‌ನಲ್ಲಿ ವೂಟ್ಜ್ ಸ್ಟೀಲ್ ಸಂಶೋಧನೆ ಮಾಡಿದರೆ ನಿಮ್ಮ ಕಾಲಾಳು, ಕುದುರೆ, ಆನೆಗಳ ಏಟಿಗೆ ಎದುರಿನ ಕವಚ ಲೆಕ್ಕಕ್ಕೇ ಬರುವುದಿಲ್ಲ. ದಪ್ಪ ಕವಚದ ಪಾಲಡಿನ್ (ನೈಟ್‌ನ ಕೊನೆಯ ಹಂತ) ಎದುರಿಗಿದ್ದರೆ ಈ ಸಂಶೋಧನೆಯನ್ನು ಬಿಡಬೇಡಿ.