ಅಪ್‌ಡೇಟ್: ಈಜಿನ ಏದುಸಿರು ಮತ್ತು ಇಳಿಯದ ತೂಕ, 24 ದಿನಗಳ ನಂತರ

ಈಜು 750 ಮೀಟರ್, ಸೈಕಲ್ 20 ಕಿ.ಮೀ., ಓಟ 5 ಕಿ.ಮೀ. ಇರುವ ಸ್ಪ್ರಿಂಟ್ ಟ್ರಯಥ್ಲಾನ್‌ಗೆ ಮೈಸೂರಿನಲ್ಲಿ ತಯಾರಾಗುತ್ತಿರುವ ನಾನು, ಕೊಳದಲ್ಲಿ ಎರಡು ಸುತ್ತಿಗೇ ಏದುಸಿರು ಬರುವುದನ್ನೂ ತೂಕ 91 ಕಿಲೋದಿಂದ ಕದಲದಿರುವುದನ್ನೂ ಹೇಳಿಕೊಂಡು, ಉತ್ಸಾಹ ಉಳಿಸಿಕೊಳ್ಳುವ ದಾರಿ ಕೇಳಿದ್ದೆ. ಉತ್ತರಿಸಿದ ಎಲ್ಲರಿಗೂ ಕೃತಜ್ಞತೆಗಳು.

ನಿಜಕ್ಕೂ ಫಲ ಕೊಟ್ಟದ್ದು, ‘ಮುಖ ನೀರಿನಲ್ಲಿರುವಾಗಲೇ ಉಸಿರನ್ನು ಪೂರ್ತಿ ಬಿಡಿ’ ಎಂದು ಮಂಡ್ಯದ ಹಿರಿಯರೊಬ್ಬರು ಕೊಟ್ಟ ಸಲಹೆ. ಗಾಳಿ ಸಾಲುತ್ತಿಲ್ಲವೆಂದೇ ನಾನು ಭಾವಿಸಿದ್ದೆ. ಆದರೆ ಉಸಿರು ಹಿಡಿದಾಗ ರಕ್ತದಲ್ಲಿ ಹೆಚ್ಚುವ ಇಂಗಾಲದ ಡೈಆಕ್ಸೈಡೇ ಆ ಚಡಪಡಿಕೆಗೆ ಮುಖ್ಯ ಕಾರಣವೆಂದು ಈಗ ತಿಳಿಯಿತು. ಕೊಳದ ಅಂಚು ಹಿಡಿದು, ಮುಖ ಮುಳುಗಿಸಿ, ಗುಳ್ಳೆಗಳು ಒಂದೇ ಸಮನೆ ಏಳುವಂತೆ ಉಸಿರು ಬಿಡುವುದನ್ನು ದಿನಕ್ಕೆ ಹತ್ತು ನಿಮಿಷ ಅಭ್ಯಾಸ ಮಾಡಿದೆ. ಕಳೆದ ಭಾನುವಾರ ನಿಲ್ಲದೆ 400 ಮೀಟರ್ ಈಜಿ ಮುಗಿಸಿದಾಗ ಕಣ್ಣು ತುಂಬಿ ಬಂತು.

ರಾತ್ರಿಯ ಊಟ ಬಿಡುವ ಸಲಹೆ ಮಾತ್ರ ನನಗೆ ಒಗ್ಗಲಿಲ್ಲ. ಮರುದಿನ ಬೆಳಿಗ್ಗೆ ಚಾಮುಂಡಿ ಬೆಟ್ಟದ ರಸ್ತೆಯಲ್ಲಿ ಸೈಕಲ್ ತುಳಿಯುವಾಗ ಅರ್ಧ ದಾರಿಗೇ ತೊಡೆಗಳು ಸೋತವು. ಈಗ ಮುದ್ದೆ, ಬಸ್ಸಾರು, ಮಜ್ಜಿಗೆಯ ಊಟವನ್ನೇ ಏಳೂವರೆಯೊಳಗೆ ಮುಗಿಸುತ್ತೇನೆ.

ತೂಕ ಇಳಿದದ್ದು ಒಂದೇ ಕಿಲೋ. ಆದರೆ ದೇಹದಲ್ಲಿ ಶೇಖರವಾಗುವ ಪ್ರತಿ ಗ್ರಾಂ ಗ್ಲೈಕೋಜನ್ (ಸ್ನಾಯು, ಯಕೃತ್ತುಗಳಲ್ಲಿ ಕೂಡಿಡುವ ಸಕ್ಕರೆಯ ರೂಪ) ಜೊತೆಗೆ ಸುಮಾರು 3 ಗ್ರಾಂ ನೀರೂ ಉಳಿಯುವುದರಿಂದ, ದಿನದಿನದ ಏರಿಳಿತವನ್ನು ಕೊಬ್ಬಿನ ಲೆಕ್ಕವೆಂದು ತಿಳಿಯಬಾರದೆಂಬುದು ನನಗೆ ಹೊಸ ವಿಷಯ. ಹೀಗಾಗಿ ವಾರಕ್ಕೊಮ್ಮೆ ಮಾತ್ರ ತೂಕ ನೋಡುತ್ತಿದ್ದೇನೆ. ಬೆಲ್ಟು ಒಂದು ತೂತು ಒಳಗೆ ಸರಿದಿದೆ. ದಸರಾದೊಳಗೆ 750 ಮೀಟರ್ ಪೂರೈಸಬೇಕೆಂದಿದ್ದೇನೆ.